ಒಂದೇ ಕಾರು, ನಾಲ್ಕು ವೇರಿಯಂಟ್: ಕಾಂಪ್ಯಾಕ್ಟ್ ಲಕ್ಷುರಿ ಸೆಡಾನ್‌ನಲ್ಲಿ ಯಾವುದಕ್ಕೆ ದುಡ್ಡು, ಯಾವುದಕ್ಕೆ ಬೇಡ

ಯಾವ ಕಾರು ಎನ್ನುವುದು ಸಾಮಾನ್ಯವಾಗಿ ಬೇಗ ತೀರ್ಮಾನವಾಗುತ್ತದೆ. ಒಬ್ಬರಿಗೆ ಬಿಎಂಡಬ್ಲ್ಯು 3 ಸೀರೀಸ್ ಮೇಲೆ ಕಾಲೇಜು ದಿನಗಳಿಂದಲೂ ಕಣ್ಣು. ಇನ್ನೊಬ್ಬರಿಗೆ ಮರ್ಸಿಡಿಸ್ ಸಿ-ಕ್ಲಾಸ್ ಬಿಟ್ಟು ಬೇರೆ ಕಾಣುವುದೇ ಇಲ್ಲ. ತಲೆನೋವು ಶುರುವಾಗುವುದು ಅದಾದ ಮೇಲೆ, ಅದೇ ಕಾರಿನ ಯಾವ ವೇರಿಯಂಟ್, ಅಂದರೆ ಎಷ್ಟು ಸೌಲಭ್ಯ ತುಂಬಿದ ಮಾದರಿ ಎಂದು ಆರಿಸುವಾಗ. ಬ್ರೋಷರ್‌ನ ಕೊನೆಯ ಪುಟಗಳಲ್ಲಿ ಸಣ್ಣ ಅಕ್ಷರದ ದೊಡ್ಡ ಪಟ್ಟಿ ಇರುತ್ತದಲ್ಲ, ಒಂದು ಕಾಲಂನಲ್ಲಿ ಚುಕ್ಕಿ, ಪಕ್ಕದಲ್ಲಿ ಗೆರೆ, ಅಲ್ಲಲ್ಲಿ ‘ಆಪ್ಷನಲ್’ ಅಂತ ಒಂದು ಪದ. ಅಲ್ಲಿಗೆ ಬಂದಾಗ ಎಲ್ಲರಿಗೂ ಸುಸ್ತು. ಕೊನೆಗೆ ಉಳಿಯುವವರು ಎರಡೇ ಜಾತಿ. ‘ಹೇಗೂ ಇಷ್ಟು ಹಾಕುತ್ತಿದ್ದೇವೆ, ಟಾಪ್ ಮಾಡೆಲೇ ಇರಲಿ’ ಅನ್ನುವವರು ಒಂದು. ‘ಮುಂದಿರುವ ಲೋಗೋ ಒಂದೇ ತಾನೇ, ಬೇಸ್ ಸಾಕು’ ಅನ್ನುವವರು ಇನ್ನೊಂದು. ಇಬ್ಬರೂ ಪಟ್ಟಿ ಓದಿರುವುದಿಲ್ಲ.

ನಾನು ಮೊದಲ ಸಲ ಒಂದನೇ ಜಾತಿ. ಟಾಪ್ ವೇರಿಯಂಟ್ ತೆಗೆದುಕೊಂಡೆ. 19 ಇಂಚಿನ ಚಕ್ರ, ಮೇಲೆ ಗಾಜಿನ ಛಾವಣಿ, ಗಾಳಿಯಲ್ಲಿ ಬೆರಳು ತಿರುಗಿಸಿದರೆ ಹಾಡಿನ ಸದ್ದು ಏರುವ ಚಮತ್ಕಾರ. ಆ ಚಮತ್ಕಾರ ಮೂರು ವಾರ ನಡೆಯಿತು. ಮಾತಾಡುತ್ತ ಕೈ ಆಡಿಸಿದರೂ ಹಾಡು ಜೋರಾಗುತ್ತಿತ್ತು, ಆಫ್ ಮಾಡಿಟ್ಟೆ. ಚಕ್ರದ ಕಾಟ ಮಾತ್ರ ಕಾರು ಮಾರುವವರೆಗೂ ಬಿಡಲಿಲ್ಲ. ಆದರೆ ಅದೇ ವೇರಿಯಂಟ್‌ನ ಜೊತೆ ಬಂದಿದ್ದ ಹೆಡ್‌ಲೈಟು, ಸೀಟು ಇವತ್ತಿಗೂ ನೆನಪಾಗುತ್ತವೆ. ಅಂಥವು ಆಮೇಲೆ ಸಿಕ್ಕಿಲ್ಲ.

ಅಲ್ಲಿಂದ ನಾನು ಪಟ್ಟಿ ಓದುವ ಕ್ರಮವೇ ಬದಲಾಯಿತು. ಈಗ ಪ್ರತಿ ಸಾಲಿಗೂ ಎರಡೇ ಪ್ರಶ್ನೆ. ಇದನ್ನು ಬಿಟ್ಟರೆ ಆಮೇಲೆ ಹಾಕಿಸಬಹುದಾ? ಐದು ವರ್ಷ ಆದ ಮೇಲೂ ಇದು ಕೆಲಸಕ್ಕೆ ಬರುತ್ತಾ? ಮೊದಲನೆಯದಕ್ಕೆ ‘ಇಲ್ಲ’, ಎರಡನೆಯದಕ್ಕೆ ‘ಹೌದು’ ಅಂತ ಬಂದರೆ ಅದಕ್ಕಾಗಿ ಒಂದು ಮೆಟ್ಟಿಲು ಮೇಲೆ ಹೋಗಬಹುದು. ಉಲ್ಟಾ ಬಂದರೆ, ಎಷ್ಟೇ ಮಿಂಚಿದರೂ ಬಿಟ್ಟುಬಿಡುವುದು.

ಇಲ್ಲಿ ಹೇಳುತ್ತಿರುವುದು ಸುಮಾರು 4.7 ಮೀಟರ್ ಉದ್ದದ ಗುಂಪಿನ ಬಗ್ಗೆ: 3 ಸೀರೀಸ್, ಸಿ-ಕ್ಲಾಸ್, ಆಡಿ ಎ4 (2024ರಲ್ಲಿ ಅದರ ಜಾಗಕ್ಕೆ ಬಂದದ್ದು ಎ5), ಲೆಕ್ಸಸ್ ಐಎಸ್, ವೋಲ್ವೋ ಎಸ್60, ಜೆನೆಸಿಸ್ ಜಿ70. ಹೆಸರು ಬೇರೆಯಾದರೂ ವೇರಿಯಂಟ್ ಆಟ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ.

ಮೆಟ್ಟಿಲಾ, ಕವಲಾ?

ಮೊದಲು ನೋಡಬೇಕಾದ್ದು ಇದು. ಕೆಲವು ಕಂಪನಿಗಳ ವೇರಿಯಂಟ್‌ಗಳು ಮೆಟ್ಟಿಲಿನ ಹಾಗೆ. ವೋಲ್ವೋ ಎಸ್60ರ ಕೋರ್, ಪ್ಲಸ್, ಅಲ್ಟಿಮೇಟ್ ಹಾಗಿದ್ದವು. ಕೆಳಗಿನದರಲ್ಲಿ ಇರುವುದೆಲ್ಲ ಮೇಲಿನದರಲ್ಲಿ ಇರುತ್ತದೆ, ಜೊತೆಗೆ ಇನ್ನಷ್ಟು. ಅಮೆರಿಕದಲ್ಲಿ ಆಡಿಯ ಮೆಟ್ಟಿಲುಗಳ ಹೆಸರು ಪ್ರೀಮಿಯಂ, ಪ್ರೀಮಿಯಂ ಪ್ಲಸ್, ಪ್ರೆಸ್ಟೀಜ್. ಗಮನಿಸಿ, ಅಲ್ಲಿ ‘ಪ್ರೀಮಿಯಂ’ ಅಂದರೆ ಎಲ್ಲಕ್ಕಿಂತ ಕೆಳಗಿನದು. ಹೆಸರಿಡುವವರ ಧೈರ್ಯ ಮೆಚ್ಚಬೇಕು.

ಇನ್ನು ಕೆಲವು ಕಡೆ ಅದು ಕವಲು. 3 ಸೀರೀಸ್‌ನಲ್ಲಿ ಬಹಳ ಕಾಲ ಲಕ್ಷುರಿ ಲೈನ್, ಎಂ ಸ್ಪೋರ್ಟ್ ಎರಡೂ ಅಕ್ಕಪಕ್ಕ ಇದ್ದವು. ಒಂದರಲ್ಲಿ ಕ್ರೋಮ್ ಮತ್ತು ಮರದ ನೋಟ, ಇನ್ನೊಂದರಲ್ಲಿ ಕಪ್ಪು ಅಂಚು ಮತ್ತು ದಪ್ಪ ಸ್ಟೀರಿಂಗ್. ಹಿಂದಿನ ಪೀಳಿಗೆಯ ಸಿ-ಕ್ಲಾಸ್‌ನ ಎಕ್ಸ್‌ಕ್ಲೂಸಿವ್ ಮತ್ತು ಎಎಂಜಿ ಲೈನ್ ಕೂಡ ಹಾಗೇ. ಇಂಥ ಕಡೆ ‘ಯಾವುದು ಮೇಲಿನದು?’ ಅಂತ ಕೇಳಿದರೆ ಉತ್ತರವಿಲ್ಲ. ಅದು ರುಚಿಯ ಪ್ರಶ್ನೆ. ನಿಜವಾದ ಸೌಲಭ್ಯಗಳು ಪ್ಯಾಕೇಜ್ ಎಂಬ ಬೇರೆ ಗಂಟಿನಲ್ಲಿ ಇರುತ್ತವೆ. ಮೆಟ್ಟಿಲು ಅಂದುಕೊಂಡು ಕವಲಿಗೆ ಜಾಸ್ತಿ ಕೊಟ್ಟರೆ ಸಿಗುವುದು ಬಂಪರ್‌ನ ಆಕಾರ ಮಾತ್ರ.

ಈ ಗಂಟು ಕಟ್ಟುವ ಚಾಳಿ ಈಚೆಗೆ ಇನ್ನೂ ಹೆಚ್ಚಿದೆ. ಕಾರ್ಖಾನೆಗೆ ಸಾವಿರ ಬಗೆಯ ಜೋಡಣೆಗಿಂತ ಹತ್ತು ಬಗೆ ಸುಲಭ, ಲಾಭವೂ ಜಾಸ್ತಿ. ಯುರೋಪಿನಲ್ಲಿ ಇನ್ನೊಂದು ಕಾರಣವೂ ಸೇರಿತು. 2017ರಿಂದ ಜಾರಿಯಾದ, ಕಾರಿನ ಹೊಗೆ ಮತ್ತು ಇಂಧನ ಅಳೆಯುವ ಡಬ್ಲ್ಯುಎಲ್‌ಟಿಪಿ ಪರೀಕ್ಷಾ ಕ್ರಮದಲ್ಲಿ ಕಾರಿಗೆ ಸೇರಿಸಿದ ಆಪ್ಷನ್‌ಗಳು ಹೊಗೆಯ ಲೆಕ್ಕವನ್ನು ಎಷ್ಟು ಬದಲಿಸುತ್ತವೆ ಎನ್ನುವುದನ್ನೂ ಹಿಡಿಯಬೇಕು. ದೊಡ್ಡ ಚಕ್ರ, ಭಾರದ ಛಾವಣಿ, ಎಲ್ಲದಕ್ಕೂ ಲೆಕ್ಕ. ಹಾಗಾಗಿ ಬಿಡಿಬಿಡಿ ಆಯ್ಕೆಗಳು ಕಡಿಮೆಯಾದವು. ನಿಮಗೆ ಬೇಕಾಗಿರುವುದು ಒಳ್ಳೆಯ ಸೀಟು, ಅದರ ಜೊತೆಗೆ ಕಾರಿನೊಳಗಿನ ಬಣ್ಣದ ದೀಪಗಳನ್ನೂ ಹೊತ್ತುಕೊಂಡು ಬರಬೇಕು.

ಡಿಕ್ಕಿ ಮೇಲಿನ ಸಂಖ್ಯೆ

330ಐ, ಸಿ300, ಐಎಸ್ 300. ಮೂರನ್ನೂ ನೋಡಿದರೆ 3 ಲೀಟರ್ ಎಂಜಿನ್ ಅನಿಸುತ್ತದೆ, ಅಲ್ವಾ? ಈಗಿನ ಪೀಳಿಗೆಯಲ್ಲಿ ಮೂರರಲ್ಲೂ ಇರುವುದು 2 ಲೀಟರ್, ನಾಲ್ಕು ಸಿಲಿಂಡರ್, ಟರ್ಬೊ (ಐಎಸ್ 300ರಲ್ಲಿ ಹಿಂಚಕ್ರಗಳಿಗೆ ಮಾತ್ರ ಬಲ ಹೋಗುವ ಮಾದರಿಯ ಮಾತು ಇದು). ಸಂಖ್ಯೆ ಈಗ ಎಂಜಿನ್ ಗಾತ್ರ ಹೇಳುವುದಿಲ್ಲ, ಸಾಲಿನಲ್ಲಿ ಎಷ್ಟನೆಯವರು ಅಂತ ಮಾತ್ರ ಹೇಳುತ್ತದೆ. 320ಐ ಮತ್ತು 330ಐ ಎರಡರಲ್ಲೂ ಒಂದೇ ಕುಟುಂಬದ 2 ಲೀಟರ್ ಎಂಜಿನ್. ಈ ಪೀಳಿಗೆ ಬಂದ ಹೊಸತರಲ್ಲಿ ಯುರೋಪಿನ ಲೆಕ್ಕದಲ್ಲಿ ಒಂದು 184 ಎಚ್‌ಪಿ (ಅಶ್ವಶಕ್ತಿ), ಇನ್ನೊಂದು 258 ಎಚ್‌ಪಿ. ಸಿ200 ಮತ್ತು ಸಿ300 ನಡುವೆ ಎಂಜಿನ್ ಗಾತ್ರವೇ ಬೇರೆ: 1.5 ಲೀಟರ್ ಮತ್ತು 2 ಲೀಟರ್. ಆಡಿ 2017ರಲ್ಲಿ 35, 40, 45 ಅಂತ ಸಂಖ್ಯೆ ಶುರು ಮಾಡಿತು. ಅದು ಲೀಟರೂ ಅಲ್ಲ, ಎಚ್‌ಪಿಯೂ ಅಲ್ಲ, ಕಿಲೋವಾಟ್ ಶಕ್ತಿಯ ಒಂದೊಂದು ಹಂತಕ್ಕೆ ಇಟ್ಟ ಅಂಕಿ.

ಎಲ್ಲಕ್ಕಿಂತ ಮಜಾ ಲೆಕ್ಸಸ್‌ನದು. 2021ರ ಹೊತ್ತಿನ ಅಮೆರಿಕದ ಪಟ್ಟಿ ತೆಗೆದರೆ, ಹಿಂಚಕ್ರ ಓಡುವ ಐಎಸ್ 300ರಲ್ಲಿ 2 ಲೀಟರ್ ಟರ್ಬೊ, 241 ಎಚ್‌ಪಿ, 8 ಗೇರ್. ನಾಲ್ಕೂ ಚಕ್ರ ಓಡುವ ಐಎಸ್ 300ರಲ್ಲಿ 3.5 ಲೀಟರ್ ವಿ6 (ಆರು ಸಿಲಿಂಡರ್), 260 ಎಚ್‌ಪಿ, 6 ಗೇರ್. ಡಿಕ್ಕಿ ಮೇಲೆ ಒಂದೇ ಹೆಸರು, ಒಳಗೆ ಎರಡು ಬೇರೆ ಕಾರು. ಆಲ್ ವೀಲ್ ಡ್ರೈವ್ ಎಂಬ ಒಂದು ಟಿಕ್ ಹಾಕಿದರೆ ಎಂಜಿನ್ ಬದಲಾಗುತ್ತದೆ, ಗೇರ್‌ಬಾಕ್ಸ್ ಬದಲಾಗುತ್ತದೆ. ಸೌಲಭ್ಯಗಳ ಪಟ್ಟಿಗಿಂತ ಮೊದಲು ತಾಂತ್ರಿಕ ವಿವರಗಳ ಪುಟ ಓದಬೇಕು ಅನ್ನುವುದು ಇದಕ್ಕೇ.

ಎಂಜಿನ್ ಆಮೇಲೆ ಬದಲಿಸಲಾಗದು. ಇದು ಮೊದಲ ಪ್ರಶ್ನೆಗೆ ಪಕ್ಕಾ ‘ಇಲ್ಲ’. ಆದರೂ ನನ್ನ ಅಭಿಪ್ರಾಯ ಕೇಳಿದರೆ, ಈ ಗುಂಪಿನಲ್ಲಿ ಚಿಕ್ಕ ಎಂಜಿನ್ ಕೂಡ ದಿನದ ಓಡಾಟಕ್ಕೆ ಧಾರಾಳ. ದೊಡ್ಡ ಎಂಜಿನ್ ಬೇಕೆನಿಸುವುದು ಹೆದ್ದಾರಿಯಲ್ಲಿ ಲಾರಿ ದಾಟುವಾಗ, ಕಾರು ತುಂಬಿದ್ದಾಗ, ಘಾಟಿ ಏರುವಾಗ. ಅಂಥ ದಾರಿ ನಿಮ್ಮ ವಾರದಲ್ಲಿ ಎಷ್ಟು ಸಲ ಬರುತ್ತದೆ ಎಂದು ಲೆಕ್ಕ ಹಾಕಿ. ಚಿಕ್ಕ ಎಂಜಿನ್ ಜೊತೆ ತುಂಬು ಸೌಲಭ್ಯವಾ, ದೊಡ್ಡ ಎಂಜಿನ್ ಜೊತೆ ಬೋಳು ಒಳಾಂಗಣವಾ ಎನ್ನುವ ಗೊಂದಲ ಬಂದರೆ, ಕಾರು ಓಡಿಸುವುದನ್ನೇ ಇಷ್ಟಪಡುವವರು ಎರಡನೆಯದಕ್ಕೆ ಹೋಗಲಿ. ಉಳಿದವರಿಗೆ ಮೊದಲನೆಯದೇ ಸರಿ.

ಸ್ಪೋರ್ಟ್ ಎಂಬ ಬಟ್ಟೆ

ಎಂ ಸ್ಪೋರ್ಟ್, ಎಎಂಜಿ ಲೈನ್, ಎಸ್ ಲೈನ್, ಎಫ್ ಸ್ಪೋರ್ಟ್. ಇವು ವೇರಿಯಂಟ್‌ನ ಹೆಸರುಗಳು. ಎಂ340ಐ, ಎಎಂಜಿ ಸಿ43, ಎಸ್4, ಐಎಸ್ 500 ಇವು ಬೇರೆ ಯಂತ್ರಗಳು. ಮೊದಲ ಗುಂಪಿನಲ್ಲಿ ಎಂಜಿನ್ ಮಾಮೂಲಿಯದೇ, ಹೊರಗಿನ ಉಡುಪು ಮಾತ್ರ ಎರಡನೆಯ ಗುಂಪಿನದು. ಎಂ340ಐಯಲ್ಲಿ 3 ಲೀಟರ್, ಒಂದೇ ಸಾಲಿನ ಆರು ಸಿಲಿಂಡರ್ ಎಂಜಿನ್, ಹಿಂದಿನ ಚಕ್ರಗಳ ನಡುವೆ ಬಲ ಹಂಚುವ ಸ್ಪೋರ್ಟ್ ಡಿಫರೆನ್ಷಿಯಲ್ ಇದೆ. ಎಂ ಸ್ಪೋರ್ಟ್ ವೇರಿಯಂಟ್‌ನ 320ಐಯಲ್ಲಿ ಬಂಪರ್ ಇದೆ.

ಸಿ-ಕ್ಲಾಸ್‌ನಲ್ಲಿ ಇದು ಇನ್ನೊಂದು ಮಟ್ಟಕ್ಕೆ ಹೋಗಿದೆ. 2021ರಲ್ಲಿ ಬಂದ ಪೀಳಿಗೆಯಲ್ಲಿ ಎಲ್ಲ ಎಂಜಿನ್‌ಗಳೂ ನಾಲ್ಕು ಸಿಲಿಂಡರ್. ಎಎಂಜಿ ಸಿ63 ಕೂಡ. ಹಿಂದೆ 4 ಲೀಟರ್ ವಿ8 ಇದ್ದ ಜಾಗದಲ್ಲಿ ಈಗ 2 ಲೀಟರ್ ಎಂಜಿನ್ ಮತ್ತು ವಿದ್ಯುತ್ ಮೋಟರ್ ಸೇರಿ 680 ಎಚ್‌ಪಿ ಕೊಡುತ್ತವೆ. ಶಕ್ತಿ ಜಾಸ್ತಿ, ಆದರೆ ವಿ8ನ ಗುಡುಗು ಕೇಳಿ ಬೆಳೆದವರಿಗೆ ಸಮಾಧಾನವಾಗಿಲ್ಲ.

ಹಾಗಂತ ಸ್ಪೋರ್ಟ್ ವೇರಿಯಂಟ್ ಪೂರ್ತಿ ವೇಷವೂ ಅಲ್ಲ. ಅದರೊಳಗೆ ಕೆಲವೊಮ್ಮೆ ಗಟ್ಟಿ ಸರಕು ಇರುತ್ತದೆ, ಹುಡುಕಬೇಕು. ಎರಡೂ ಪಕ್ಕ ಒತ್ತಿ ಹಿಡಿಯುವ ಸೀಟು, ದೊಡ್ಡ ಬ್ರೇಕ್, ಬಿಗಿ ಸಸ್ಪೆನ್ಷನ್. ಐಎಸ್ 350 ಎಫ್ ಸ್ಪೋರ್ಟ್‌ಗೆ ಡೈನಮಿಕ್ ಹ್ಯಾಂಡ್ಲಿಂಗ್ ಪ್ಯಾಕೇಜ್ ಸೇರಿಸಿದರೆ ದಾರಿಗೆ ತಕ್ಕಂತೆ ಬಿಗಿತ ಬದಲಿಸುವ ಡ್ಯಾಂಪರ್ (ಶಾಕ್ ಅಬ್ಸಾರ್ಬರ್), ಬಿಬಿಎಸ್ ಕಂಪನಿಯ ಫೋರ್ಜ್ಡ್, ಅಂದರೆ ಲೋಹವನ್ನು ಒತ್ತಿ ರೂಪಿಸಿದ ಚಕ್ರ ಬರುತ್ತವೆ. ಅದು ಬಟ್ಟೆಯಲ್ಲ, ಮಾಂಸಖಂಡ. ಇನ್ನು ಕೆಲವು ಸ್ಪೋರ್ಟ್ ಪ್ಯಾಕೇಜ್‌ಗಳಲ್ಲಿ ಇರುವುದು ಪೆಡಲ್ ಮೇಲಿನ ಲೋಹದ ತಗಡು ಮತ್ತು ಬಾಗಿಲ ಕೆಳಗಿನ ಹೊಳೆಯುವ ಅಕ್ಷರ.

ಚಕ್ರದ ಲೆಕ್ಕ

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ವೇರಿಯಂಟ್ ಆರಿಸುವಾಗ ಜನ ಅತಿ ಕಡಿಮೆ ಯೋಚಿಸುವುದು, ಆಮೇಲೆ ಅತಿ ಹೆಚ್ಚು ಬೈದುಕೊಳ್ಳುವುದು ಇದರ ಬಗ್ಗೆಯೇ.

ಟೈರಿನ ಮೇಲೆ 225/50 ಆರ್17 ಅಂತ ಇದ್ದರೆ, ಅಗಲ 225 ಮಿಲಿಮೀಟರ್, ರಿಮ್ 17 ಇಂಚು, ನಡುವಿನ 50 ಅಂದರೆ ಟೈರಿನ ಗೋಡೆಯ ಎತ್ತರ ಅಗಲದ ಶೇ. 50. ಲೆಕ್ಕ ಹಾಕಿದರೆ ಗೋಡೆ ಸುಮಾರು 112 ಮಿಲಿಮೀಟರ್. ಅದೇ ಕಾರಿನ ಮಧ್ಯದ ವೇರಿಯಂಟ್‌ನಲ್ಲಿ 225/45 ಆರ್18 ಬಂದರೆ ಗೋಡೆ 101. ಮೇಲಿನದರಲ್ಲಿ 225/40 ಆರ್19 ಬಂದರೆ 90. ಇಡೀ ಚಕ್ರದ ಎತ್ತರ ಮಾತ್ರ ಮೂರರಲ್ಲೂ ಹೆಚ್ಚುಕಡಿಮೆ ಒಂದೇ, 66 ಸೆಂಟಿಮೀಟರ್ ಆಸುಪಾಸು. ಅಂದರೆ 17ರಿಂದ 19ಕ್ಕೆ ಹೋದಾಗ ಚಕ್ರ ದೊಡ್ಡದಾಗುವುದಿಲ್ಲ. ರಬ್ಬರ್ ಕಡಿಮೆಯಾಗಿ ಲೋಹ ಜಾಸ್ತಿಯಾಗುತ್ತದೆ, ಅಷ್ಟೇ. ರಸ್ತೆಯ ಏಟು ತಿನ್ನಲು ಇದ್ದ ಗಾಳಿಯ ದಿಂಬಿನಲ್ಲಿ ಐದರಲ್ಲಿ ಒಂದು ಪಾಲು ಹೋಯಿತು.

ಇದರ ಮೇಲೆ ಎಂ ಸ್ಪೋರ್ಟ್ ಥರದ ಸಸ್ಪೆನ್ಷನ್ ಬಂದರೆ ಕಾರು ಇನ್ನೂ 10 ಮಿಲಿಮೀಟರ್ ಕೆಳಗಿಳಿಯುತ್ತದೆ, ಬಿಗಿಯೂ ಆಗುತ್ತದೆ. ಅದರ ಮೇಲೆ ರನ್‌ಫ್ಲಾಟ್ ಟೈರ್ ಇದ್ದರೆ ಮುಗಿಯಿತು. ಪಂಕ್ಚರ್ ಆದರೂ ಗಂಟೆಗೆ 80 ಕಿ.ಮೀ. ವೇಗದಲ್ಲಿ ಸುಮಾರು 80 ಕಿ.ಮೀ. ಓಡಬೇಕಲ್ಲ, ಅದಕ್ಕೆ ಆ ಟೈರಿನ ಗೋಡೆ ದಪ್ಪ, ಗಡಸು. ಮೂರೂ ಸೇರಿದ ಕಾರಿನಲ್ಲಿ ರಸ್ತೆಯ ಪ್ರತಿ ಬಿರುಕೂ ಬೆನ್ನಿಗೆ ವರದಿ ಮಾಡುತ್ತದೆ. ಹಿಂದೆ ಕೂತವರಿಗೆ ಇನ್ನೂ ಸ್ವಲ್ಪ ಜಾಸ್ತಿ.

ನನ್ನ ಸಲಹೆ ನೇರ. ಚಕ್ರದ ಗಾತ್ರ ಬೇರೆಯಾಗಿ ಆರಿಸಲು ಬಿಟ್ಟರೆ 17 ಅಥವಾ 18ಕ್ಕೆ ನಿಲ್ಲಿ. ಟಾಪ್ ವೇರಿಯಂಟ್ ಬೇಕೇಬೇಕು, ಅದರಲ್ಲಿ 19 ಕಡ್ಡಾಯ ಅಂದರೆ, ಆಗಲೇ ಹೇಳಿದ ಬಿಗಿತ ಬದಲಿಸುವ ಅಡಾಪ್ಟಿವ್ ಡ್ಯಾಂಪರ್ ಇದೆಯಾ ಕೇಳಿ. ಡ್ಯಾಂಪರ್‌ನೊಳಗಿನ ಎಣ್ಣೆಯ ದಾರಿಯನ್ನು ವಿದ್ಯುತ್ ಕವಾಟ ಹಿಗ್ಗಿಸುತ್ತ ಕುಗ್ಗಿಸುತ್ತ ಇರುವುದರಿಂದ ಒಂದೇ ಕಾರು ಮೆತ್ತಗೂ ಆಗುತ್ತದೆ, ಬಿಗಿಯೂ ಆಗುತ್ತದೆ. ಚಕ್ರ ಆಮೇಲೆ ಬದಲಿಸಬಹುದು. ಈ ಡ್ಯಾಂಪರ್ ಆಮೇಲೆ ಹಾಕಿಸುವುದು ಯಾರಿಗೂ ಬೇಡದ ಉಸಾಬರಿ. ಅದಕ್ಕೇ ದುಡ್ಡು ಇದಕ್ಕೆ ಹೋಗಲಿ.

ರಾತ್ರಿ ಕಾಣುವುದು

ಹೆಡ್‌ಲೈಟ್ ಯಾರೂ ಕೇಳುವುದಿಲ್ಲ. ಶೋರೂಮಿನ ಬೆಳಕಿನಲ್ಲಿ ಎಲ್ಲ ಹೆಡ್‌ಲೈಟೂ ಚೆಂದವೇ.

2016ರ ಮಾರ್ಚ್‌ನಲ್ಲಿ ಅಮೆರಿಕದ ಐಐಎಚ್‌ಎಸ್ ಎಂಬ, ವಿಮಾ ಕಂಪನಿಗಳ ದುಡ್ಡಿನಲ್ಲಿ ನಡೆಯುವ ಸುರಕ್ಷತಾ ಸಂಸ್ಥೆ ಮೊದಲ ಬಾರಿಗೆ ಹೆಡ್‌ಲೈಟ್‌ಗಳಿಗೆ ಅಂಕ ಕೊಟ್ಟಿತು. 31 ಮಧ್ಯಮ ಗಾತ್ರದ ಕಾರುಗಳು. ಉತ್ತಮ ಅಂತ ಪಾಸಾದದ್ದು ಒಂದೇ ಒಂದು, ಟೊಯೋಟಾ ಪ್ರಿಯಸ್ ವಿ. ಅದೂ ಎಲ್‌ಇಡಿ ದೀಪ ಇದ್ದಾಗ ಮಾತ್ರ. ಆ ದೀಪ ಸಿಗುತ್ತಿದ್ದದ್ದು ಟಾಪ್ ವೇರಿಯಂಟ್‌ಗೆ ಇನ್ನೊಂದು ಪ್ಯಾಕೇಜ್ ಸೇರಿಸಿದರೆ. ಅದೇ ಕಾರಿನ ಹಳೆಯ ಬಲ್ಬಿನ ಬಗೆಯ ಹ್ಯಾಲೊಜೆನ್ ದೀಪಕ್ಕೆ ಸಿಕ್ಕಿದ್ದು ಕಳಪೆ ದರ್ಜೆ. ಎಲ್ಲಕ್ಕಿಂತ ಕೆಳಗೆ ನಿಂತದ್ದು ಅಂದಿನ 3 ಸೀರೀಸ್‌ನ ಹ್ಯಾಲೊಜೆನ್. ಆ ಬೆಳಕಿನಲ್ಲಿ ಮುಂದಿರುವ ಅಡ್ಡಿ ಕಂಡು ನಿಲ್ಲಿಸಬೇಕಾದರೆ ಗಂಟೆಗೆ 56 ಕಿ.ಮೀ. ದಾಟುವಂತಿಲ್ಲ ಎಂಬ ಲೆಕ್ಕ ಬಂತು. ಅದೇ ಕಾರಿಗೆ ತಿರುವಿನ ಜೊತೆ ತಿರುಗುವ ಎಲ್‌ಇಡಿ ದೀಪ ಹಾಕಿದರೆ ದರ್ಜೆ ಒಂದು ಮೆಟ್ಟಿಲು ಏರುತ್ತಿತ್ತು. ಒಂದೇ ಕಾರು, ಒಂದೇ ಬ್ರೇಕು. ವೇರಿಯಂಟ್ ಬೇರೆ, ರಾತ್ರಿ ಬೇರೆ.

ಈಗ ಹ್ಯಾಲೊಜೆನ್ ಈ ಗುಂಪಿನಿಂದ ಹೋಗಿದೆ, ಬೇಸ್‌ನಲ್ಲೂ ಎಲ್‌ಇಡಿ. ಆದರೆ ವ್ಯತ್ಯಾಸ ಹೋಗಿಲ್ಲ. ಕೆಳಗಿನ ವೇರಿಯಂಟ್‌ನಲ್ಲಿ ಸಾದಾ ಎಲ್‌ಇಡಿ, ಮೇಲಿನದರಲ್ಲಿ ಮ್ಯಾಟ್ರಿಕ್ಸ್. ಆಡಿ ಅದನ್ನು 2013ರಲ್ಲಿ ಎ8 ಕಾರಿನಲ್ಲಿ ತಂದಿತು. ದೀಪದೊಳಗೆ ಹಲವು ಎಲ್‌ಇಡಿಗಳು ಬೇರೆಬೇರೆಯಾಗಿ ಉರಿಯುತ್ತವೆ. ಎದುರಿನಿಂದ ಗಾಡಿ ಬಂದರೆ ಕ್ಯಾಮೆರಾ ಗುರುತಿಸಿ, ಆ ಗಾಡಿ ಇರುವ ಜಾಗಕ್ಕೆ ಬೀಳುವ ಬೆಳಕನ್ನಷ್ಟೇ ಆರಿಸುತ್ತದೆ. ಉಳಿದ ರಸ್ತೆಗೆ ಹೈಬೀಮ್ ಹಾಗೇ ಇರುತ್ತದೆ. ರಾತ್ರಿ ಹೆದ್ದಾರಿಯಲ್ಲಿ ಡಿಮ್-ಡಿಪ್ ಮಾಡಿ ಸುಸ್ತಾದವರಿಗೆ ಇದರ ಸುಖ ಹೇಳಿದರೆ ಗೊತ್ತಾಗದು, ಓಡಿಸಬೇಕು. ಆಮೇಲೆ ಹಾಕಿಸುವುದೂ ಸುಲಭವಲ್ಲ. ಕ್ಯಾಮೆರಾ, ವೈರಿಂಗ್, ಕಂಟ್ರೋಲ್ ಯೂನಿಟ್ ಎಲ್ಲ ಒಂದಕ್ಕೊಂದು ಹೊಂದಿರುತ್ತವೆ. ಇನ್ನೊಂದು ಮಾತು: ಅಮೆರಿಕದ ನಿಯಮ ಇಂಥ ದೀಪಕ್ಕೆ ಒಪ್ಪಿದ್ದೇ 2022ರಲ್ಲಿ. ಹಾಗಾಗಿ ಒಂದು ದೇಶದ ವಿಮರ್ಶೆ ಓದಿ ಇನ್ನೊಂದು ದೇಶದಲ್ಲಿ ವೇರಿಯಂಟ್ ಬುಕ್ ಮಾಡಬೇಡಿ. ಹೆಸರು ಒಂದೇ ಇದ್ದರೂ ದೀಪ ಬೇರೆ ಇರಬಹುದು.

ರಾತ್ರಿ ಜಾಸ್ತಿ ಓಡಾಡುವವರಾದರೆ, ಬೇರೆ ಎಲ್ಲ ಬಿಟ್ಟು ಇದೊಂದಕ್ಕೇ ಮೇಲಿನ ವೇರಿಯಂಟ್‌ಗೆ ಹೋಗಬಹುದು. ಒಂದು ಎಚ್ಚರಿಕೆ: ಒಡೆದರೆ ಇಡೀ ದೀಪವೇ ಬದಲಾಗುವುದು ಸಾಮಾನ್ಯ, ಬಿಲ್ ನೋಡಿ ಬೆವರು ಬರುತ್ತದೆ.

ಸೀಟು

ಸೀಟಿನ ಬಗ್ಗೆ ಕೇಳಿದರೆ ಎಲ್ಲರೂ ಚರ್ಮದ ಮಾತಾಡುತ್ತಾರೆ. ಚರ್ಮ ಕೊನೆಯ ವಿಷಯ. ಮೊದಲು ನೋಡಬೇಕಾದ್ದು ಸೊಂಟದ ಆಸರೆ, ಅಂದರೆ ಲಂಬಾರ್ ಸಪೋರ್ಟ್. ಬೇಸ್ ವೇರಿಯಂಟ್‌ಗಳಲ್ಲಿ ಇದನ್ನೇ ಕತ್ತರಿಸಿರುತ್ತಾರೆ. ಪಟ್ಟಿಯಲ್ಲಿ ಕಾಣುವುದೂ ಇಲ್ಲ, ಏಕೆಂದರೆ ‘ಪವರ್ ಸೀಟು’ ಎಂಬ ಸಾಲಿಗೆ ಚುಕ್ಕಿ ಇರುತ್ತದೆ. ಹಿಂದೆ ಮುಂದೆ, ಮೇಲೆ ಕೆಳಗೆ ಮೋಟರ್‌ನಲ್ಲಿ ಆಡುತ್ತದೆ, ಸೊಂಟದ ಜಾಗ ಮಾತ್ರ ಕಲ್ಲಿನ ಹಾಗೆ. ಉದ್ದ ಕಾಲಿನವರಿಗೆ ತೊಡೆಯ ಕೆಳಗಿನ ಭಾಗ ಮುಂದಕ್ಕೆ ಎಳೆಯಲು ಬರುತ್ತಾ ಎನ್ನುವುದೂ ದೊಡ್ಡ ವಿಷಯ. ಒಂದೇ ಕಾರನ್ನು ಮನೆಯಲ್ಲಿ ಇಬ್ಬರು ಓಡಿಸುತ್ತಾರಾದರೆ ಮೆಮರಿ ಬಟನ್ ದಿನಾ ಬೆಳಿಗ್ಗೆ ಒಂದು ಜಗಳ ಉಳಿಸುತ್ತದೆ.

ಚರ್ಮದ ವಿಷಯಕ್ಕೆ ಬಂದರೆ, ಬಿಎಂಡಬ್ಲ್ಯುನ ಸೆನ್ಸಾಟೆಕ್, ಮರ್ಸಿಡಿಸ್‌ನ ಆರ್ಟಿಕೊ, ಲೆಕ್ಸಸ್‌ನ ನೂಲಕ್ಸ್ ಇವು ಯಾವುದೂ ಚರ್ಮವಲ್ಲ, ಕೃತಕ. ಹೆಸರು ಕೇಳಿ ಮೋಸ ಹೋಗಬೇಡಿ ಅಂತ ಹೇಳಬೇಕು, ಆದರೆ ನನಗೆ ಇವೇ ಇಷ್ಟ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ನಿಜವಾದ ಚರ್ಮಕ್ಕೆ ಆಗಾಗ ಆರೈಕೆ ಬೇಕು, ಇಲ್ಲದಿದ್ದರೆ ಒಣಗುತ್ತದೆ. ಚರ್ಮವೊಂದಕ್ಕೇ ಮೇಲಿನ ವೇರಿಯಂಟ್‌ಗೆ ಹೋಗುವುದು ದಂಡ. ಸೆಕೆ ಜಾಸ್ತಿ ಇರುವ ಕಡೆ ಸೀಟಿನೊಳಗಿಂದ ಗಾಳಿ ಆಡುವ ವೆಂಟಿಲೇಟೆಡ್ ಸೀಟು, ಚಳಿ ಇರುವ ಕಡೆ ಬಿಸಿಯಾಗುವ ಸೀಟು, ಇವಕ್ಕೆ ಕೊಟ್ಟ ದುಡ್ಡು ಮಾತ್ರ ಪ್ರತಿ ದಿನ ವಾಪಸ್ ಬರುತ್ತದೆ.

ಬೇಸ್‌ಗೆ ಬಂದಿರುವ ಅದೃಷ್ಟ

ಸುರಕ್ಷತೆಯಲ್ಲಿ ಬೇಸ್ ವೇರಿಯಂಟ್ ಈಗ ಬಡವನಲ್ಲ. ಅದಕ್ಕೆ ಕಾನೂನು ಕಾರಣ. ಅಮೆರಿಕದಲ್ಲಿ 2018ರ ಮೇ ತಿಂಗಳಿಂದ ಹೊಸ ಕಾರುಗಳಿಗೆ ಹಿಂಬದಿ ಕ್ಯಾಮೆರಾ ಕಡ್ಡಾಯ. ಯುರೋಪಿಯನ್ ಒಕ್ಕೂಟದಲ್ಲಿ 2024ರ ಜುಲೈಯಿಂದ ಮಾರುವ ಎಲ್ಲ ಹೊಸ ಕಾರುಗಳಲ್ಲಿ ತಾನೇ ಬ್ರೇಕ್ ಹಾಕುವ ವ್ಯವಸ್ಥೆ, ಲೇನ್ ಬಿಡದಂತೆ ಹಿಡಿಯುವ ವ್ಯವಸ್ಥೆ, ವೇಗಮಿತಿ ನೆನಪಿಸುವ ವ್ಯವಸ್ಥೆ ಇರಲೇಬೇಕು. ಹಾಗಿದ್ದೂ ಮಾರಾಟಗಾರರು ಇವನ್ನೇ ಮೇಲಿನ ವೇರಿಯಂಟ್‌ನ ಗುಣಗಾನದಲ್ಲಿ ಸೇರಿಸಿ ಹೇಳುವುದುಂಟು. ‘ಇದು ಬೇಸ್‌ನಲ್ಲಿ ಇಲ್ಲವಾ?’ ಅಂತ ಒಂದು ಸಲ ಕೇಳಿ ನೋಡಿ.

ಮೇಲಿನ ವೇರಿಯಂಟ್‌ಗೆ ಉಳಿದಿರುವುದು ಮೂರ್ನಾಲ್ಕು: ಮುಂದಿನ ಗಾಡಿಯ ಜೊತೆ ನಿಂತು ಹೊರಡುವ ಅಡಾಪ್ಟಿವ್ ಕ್ರೂಸ್, ಕೆಲವು ಕಡೆ ಬ್ಲೈಂಡ್ ಸ್ಪಾಟ್ ಎಚ್ಚರಿಕೆ (ಕನ್ನಡಿಯಲ್ಲಿ ಕಾಣದ ಮೂಲೆಯಲ್ಲಿ ಗಾಡಿ ಇದ್ದರೆ ತಿಳಿಸುವುದು), ಸುತ್ತಲೂ ಕಾಣುವ 360 ಡಿಗ್ರಿ ಕ್ಯಾಮೆರಾ. ಬ್ಲೈಂಡ್ ಸ್ಪಾಟ್ ಇಲ್ಲದ ವೇರಿಯಂಟ್ ಬೇಡ ಅನ್ನುವುದು ನನ್ನ ಹಟ. ಅಡಾಪ್ಟಿವ್ ಕ್ರೂಸ್ ಟ್ರಾಫಿಕ್‌ನಲ್ಲಿ ತೆವಳುವವರಿಗೂ ಹೆದ್ದಾರಿಯಲ್ಲಿ ದೂರ ಹೋಗುವವರಿಗೂ ಉಪಯೋಗ. ಆದರೆ ಅದು ತಾನೇ ಓಡುವ ಕಾರಲ್ಲ. ಓಡಿಸುವವರಿಗೆ ಸಹಾಯ ಅಷ್ಟೇ, ಕಣ್ಣು ಮತ್ತು ಜವಾಬ್ದಾರಿ ನಿಮ್ಮದೇ. ಬಂಪರ್‌ನೊಳಗಿನ ರೇಡಾರ್, ಗಾಜಿನ ಹಿಂದಿನ ಕ್ಯಾಮೆರಾ ಇವೆಲ್ಲ ಕಾರ್ಖಾನೆಯಲ್ಲೇ ಕೂರಬೇಕು. ಮುಂದಿನ ಗಾಜು ಒಡೆದು ಹೊಸದು ಹಾಕಿದರೆ ಕ್ಯಾಮೆರಾವನ್ನು ಮತ್ತೆ ಸರಿಹೊಂದಿಸಬೇಕು ಎನ್ನುವುದೂ ಗೊತ್ತಿರಲಿ. ವೇಗ, ದಾರಿ ಮುಂತಾದವನ್ನು ಮುಂದಿನ ಗಾಜಿನ ಮೇಲೆ ತೋರಿಸುವ ಹೆಡ್-ಅಪ್ ಡಿಸ್‌ಪ್ಲೇ ಇದ್ದರೆ ಆ ಗಾಜೇ ಬೇರೆ ಬಗೆಯದು, ಎರಡು ಬಿಂಬ ಕಾಣದಿರಲು ಒಳಗಿನ ಪದರ ಇಳಿಜಾರಾಗಿರುತ್ತದೆ. ಪೋಲರಾಯ್ಡ್ ಕನ್ನಡಕ ಹಾಕುವವರಿಗೆ ಆ ಡಿಸ್‌ಪ್ಲೇ ಮಸುಕಾಗಿ ಕಾಣುತ್ತದೆ, ಬುಕ್ ಮಾಡುವ ಮೊದಲು ನಿಮ್ಮ ಕನ್ನಡಕ ಹಾಕಿಕೊಂಡೇ ನೋಡಿ.

ಬೇಗ ಮುದಿಯಾಗುವವು

ಶೋರೂಮಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ಸ್ಕ್ರೀನ್. ಕಾರಿನಲ್ಲಿ ಮೊದಲು ಹಳತಾಗುವುದೂ ಅದೇ. 2022ರಲ್ಲಿ ಅಮೆರಿಕದಲ್ಲಿ 3ಜಿ ಜಾಲ ಮುಚ್ಚಿದಾಗ ಅದನ್ನೇ ನಂಬಿದ್ದ ಎಷ್ಟೋ ಕಾರುಗಳ ಕನೆಕ್ಟೆಡ್ ಸೇವೆಗಳು, ಅಂದರೆ ಮೊಬೈಲ್ ಜಾಲದ ಮೂಲಕ ನಡೆಯುವ ಸೌಲಭ್ಯಗಳು, ಸುಮ್ನೆ ನಿಂತುಹೋದವು. ಎಂಜಿನ್ ಚೆನ್ನಾಗಿತ್ತು, ಸೀಟು ಚೆನ್ನಾಗಿತ್ತು, ಸಹಾಯಕ್ಕೆ ಕರೆ ಮಾಡುವ ಬಟನ್ ಒತ್ತಿದರೆ ಮಾತ್ರ ಯಾರೂ ಎತ್ತುವವರಿಲ್ಲ.

ಸ್ಕ್ರೀನ್ ಎಲ್ಲ ವೇರಿಯಂಟ್‌ಗೂ ಒಂದೇನಾ ನೋಡಿ. 2022ರಲ್ಲಿ ಪರಿಷ್ಕರಿಸಿದ 3 ಸೀರೀಸ್‌ನಲ್ಲಿ 12.3 ಮತ್ತು 14.9 ಇಂಚಿನ ಎರಡು ಪರದೆ ಸೇರಿದ ಬಾಗಿದ ಡಿಸ್‌ಪ್ಲೇ ಬಂತು, ಎಸಿ ಬಟನ್‌ಗಳು ಅದರೊಳಗೆ ಸೇರಿಹೋದವು. ಈಗಿನ ಸಿ-ಕ್ಲಾಸ್‌ನಲ್ಲಿ ಯುರೋಪಿನಲ್ಲಿ ಶುರುವಿಗೆ 9.5 ಇಂಚು ಮಾಮೂಲು, 11.9 ಇಂಚಿಗೆ ಜಾಸ್ತಿ ಕೊಡಬೇಕಿತ್ತು. ಆ ಎರಡೂವರೆ ಇಂಚಿಗೆ ನಾನಂತೂ ಕೊಡುವುದಿಲ್ಲ. ದಾರಿ ತೋರಿಸುವುದು ಹೇಗೂ ಫೋನು. ಫೋನನ್ನು ಕಾರಿನ ಪರದೆಗೆ ತರುವ ಕಾರ್‌ಪ್ಲೇ, ಆಂಡ್ರಾಯ್ಡ್ ಆಟೊ ವೈರ್ ಇಲ್ಲದೆ ಓಡಿದರೆ ಸಾಕು.

ಚಂದಾ ವಿಷಯವನ್ನೂ ಕೇಳಲೇಬೇಕು. ಬಿಎಂಡಬ್ಲ್ಯು ಒಂದು ಕಾಲದಲ್ಲಿ ಕಾರ್‌ಪ್ಲೇಗೆ ವರ್ಷದ ಚಂದಾ ಕೇಳುತ್ತಿತ್ತು, 2019ರಲ್ಲಿ ಬಿಟ್ಟಿತು. 2022ರಲ್ಲಿ ಕೆಲವು ದೇಶಗಳಲ್ಲಿ ಬಿಸಿ ಸೀಟಿಗೆ ತಿಂಗಳ ಚಂದಾ ತಂದಿತು, ಗಲಾಟೆಯಾಗಿ 2023ರಲ್ಲಿ ಅದನ್ನೂ ಬಿಟ್ಟಿತು. ತಂತಿ, ಬಿಸಿಯಾಗುವ ಜಾಲರಿ ಎಲ್ಲ ಸೀಟಿನೊಳಗೆ ಇದ್ದೇ ಇತ್ತು, ಬೀಗ ಸಾಫ್ಟ್‌ವೇರ್‌ನದು. ಪಟ್ಟಿಯಲ್ಲಿ ಚುಕ್ಕಿ ಇರುವುದು ಕಾರು ಇರುವವರೆಗೂ ನಿಮ್ಮದಾ, ಮೂರು ವರ್ಷದ ಉಚಿತ ಅವಧಿಯಾ? ಉತ್ತರ ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ಉಳಿದವನ್ನು ಬೇಗ ಮುಗಿಸುತ್ತೇನೆ. ಪನೋರಮಿಕ್ ಛಾವಣಿ: ತಲೆಯ ಮೇಲಿನ ಜಾಗ ಕಡಿಮೆಯಾಗುತ್ತದೆ, ಭಾರ ಕಾರಿನ ಮೇಲ್ತುದಿಯಲ್ಲಿ ಕೂರುತ್ತದೆ. ಎತ್ತರದವರು ಹಿಂದಿನ ಸೀಟಿನಲ್ಲಿ ಕೂತು ನೋಡಿಯೇ ಒಪ್ಪಿಕೊಳ್ಳಿ. ಬಣ್ಣದ ದೀಪ: ಒಂದು ತಿಂಗಳ ಖುಷಿ. ಬರ್ಮೆಸ್ಟರ್, ಹರ್ಮನ್ ಕಾರ್ಡನ್, ಮಾರ್ಕ್ ಲೆವಿನ್‌ಸನ್ ಸೌಂಡ್: ಸಂಗೀತ ಕೇಳುವವರಾದರೆ ತೆಗೆದುಕೊಳ್ಳಿ, ಕಾರ್ಖಾನೆಯಲ್ಲಿ ಕೂತದ್ದಕ್ಕೆ ಹೊರಗಿನದು ಸಮನಲ್ಲ. ಸುದ್ದಿ ಮತ್ತು ಫೋನ್ ಮಾತ್ರವಾದರೆ ಬೇಡ. ಆಲ್ ವೀಲ್ ಡ್ರೈವ್: ಹಿಮ ಬೀಳುವ ಕಡೆ, ಒದ್ದೆ ಏರುದಾರಿಯಲ್ಲಿ ಹೊರಡಲು ಒಳ್ಳೆಯದು. ಆದರೆ ಅದು ಹೊರಡಲು ಸಹಾಯ ಮಾಡುತ್ತದೆಯೇ ಹೊರತು ನಿಲ್ಲಲು ಅಲ್ಲ. ನಿಲ್ಲಿಸುವುದು ಟೈರು.

ಹಾಗಾದರೆ ಯಾವುದು?

ಬಹುತೇಕರಿಗೆ ಮಧ್ಯದ ವೇರಿಯಂಟ್. ಸುಮ್ನೆ ನಡುವಿನದು ಕ್ಷೇಮ ಅಂತಲ್ಲ. ಲಂಬಾರ್ ಇರುವ ಸೀಟು, ಬ್ಲೈಂಡ್ ಸ್ಪಾಟ್, ಒಳ್ಳೆಯ ದೀಪ ಇವು ಸಾಮಾನ್ಯವಾಗಿ ಸಿಗಲು ಶುರುವಾಗುವುದು ಅಲ್ಲಿ. 19 ಇಂಚು, ದೊಡ್ಡ ಸ್ಕ್ರೀನ್, ಚರ್ಮ ಶುರುವಾಗುವುದು ಅದರ ಮೇಲೆ. ಓಡಿಸುವ ಹುಚ್ಚಿರುವವರು ಟಾಪ್ ವೇರಿಯಂಟ್‌ನ ಚಿಕ್ಕ ಎಂಜಿನ್ ಬಿಟ್ಟು, ದೊಡ್ಡ ಎಂಜಿನ್‌ನ ಕೆಳಗಿನ ವೇರಿಯಂಟ್ ಹುಡುಕಲಿ. ಹಿಂದಿನ ಸೀಟಿನಲ್ಲಿ ಹಿರಿಯರು ಕೂರುವ ಮನೆಯಾದರೆ ಸ್ಪೋರ್ಟ್ ಎಂಬ ಪದ ಇರುವ ಯಾವುದೂ ಬೇಡ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಲೆಕ್ಕ ತಿರುಗುತ್ತದೆ. ಹೊಸದರಲ್ಲಿ ಎಕ್ಸ್‌ಟ್ರಾಗಳಿಗೆ ಹಾಕಿದ ದುಡ್ಡು ಮಾರುವಾಗ ಪೂರ್ತಿ ಬರುವುದಿಲ್ಲ. ಹಾಗಾಗಿ ಮೂರ್ನಾಲ್ಕು ವರ್ಷದ ಟಾಪ್ ವೇರಿಯಂಟ್‌ನಲ್ಲಿ ಮೊದಲ ಮಾಲೀಕರ ನಷ್ಟ ನಿಮ್ಮ ಲಾಭ. ಆದರೆ ಕಾರಿನ ಬೆಲೆ ಇಳಿದಿದೆ ಅಂತ ಬಿಡಿಭಾಗದ ಬೆಲೆ ಇಳಿಯುವುದಿಲ್ಲ. ಮ್ಯಾಟ್ರಿಕ್ಸ್ ದೀಪ, ಅಡಾಪ್ಟಿವ್ ಡ್ಯಾಂಪರ್ ಎರಡೂ ಹೊಸ ಕಾರಿನ ಬಿಡಿಭಾಗದ ಬೆಲೆಯಲ್ಲೇ ಬರುತ್ತವೆ. ಡಿಕ್ಕಿ ಮೇಲಿನ ಅಕ್ಷರವನ್ನು ಯಾರು ಬೇಕಾದರೂ ಅಂಟಿಸಬಹುದು. ಚಾಸಿ ನಂಬರ್ ಕೊಟ್ಟು ಕಾರ್ಖಾನೆಯಲ್ಲಿ ಏನೇನು ಹಾಕಿದ್ದರು ಎಂಬ ಪಟ್ಟಿ ತೆಗೆಸಿ.

ಹೊಸದಾದರೂ ಪಟ್ಟಿ ಬೇಕೇ ಬೇಕು. 2021ರ ಚಿಪ್ ಕೊರತೆಯಲ್ಲಿ ಕೆಲವು ಬಿಎಂಡಬ್ಲ್ಯು ಕಾರುಗಳು ಟಚ್ ಇಲ್ಲದ ಸ್ಕ್ರೀನ್‌ನೊಂದಿಗೆ ಬಂದವು, 3 ಸೀರೀಸ್ ಕೂಡ. ವೇರಿಯಂಟ್‌ನ ಹೆಸರು ಅದೇ ಇತ್ತು. ಬ್ರೋಷರ್‌ನ ಮೂಲೆಯಲ್ಲಿ ‘ಸೌಲಭ್ಯಗಳು ಬದಲಾಗಬಹುದು’ ಅಂತ ಬರೆದಿರುವುದು ಇಂಥದ್ದಕ್ಕೇ. ಬುಕಿಂಗ್ ಹಾಳೆಯಲ್ಲಿ ವೇರಿಯಂಟ್‌ನ ಹೆಸರಷ್ಟೇ ಬರೆಸಬೇಡಿ, ನಿಮಗೆ ಮುಖ್ಯವಾದ ಐದಾರು ಸೌಲಭ್ಯಗಳನ್ನು ಒಂದೊಂದಾಗಿ ಬರೆಸಿ.

ಟೆಸ್ಟ್ ಡ್ರೈವ್‌ಗೆ ಕೊಡುವ ಕಾರು ಸಾಮಾನ್ಯವಾಗಿ ಟಾಪ್ ವೇರಿಯಂಟ್. ನೀವು ಕೊಳ್ಳುವ ಚಕ್ರ, ನೀವು ಕೊಳ್ಳುವ ಸೀಟು ಇರುವ ಕಾರನ್ನೇ ಕೇಳಿ, ಅದಕ್ಕೆ ಒಂದು ವಾರ ಕಾಯಬೇಕಾದರೂ ಕಾಯಿರಿ. ಹತ್ತು ನಿಮಿಷದ ಸುತ್ತು ಸಾಲದು, ಸೊಂಟ ದೂರು ಹೇಳಲು ಅರ್ಧ ಗಂಟೆ ಬೇಕು. ಸಾಧ್ಯವಾದರೆ ಕತ್ತಲಾದ ಮೇಲೆ ಹೋಗಿ, ಬೀದಿದೀಪ ಇಲ್ಲದ ರಸ್ತೆಗೆ.